ಬರುವ ನಾಟಕೋತ್ಸವವೂ ನಮ್ಮ ಮನೆಯ ಕಾವಲೂ

ಎಳ್ಳುಬೆಲ್ಲಕ್ಕಾಗಿ ಕೊಬ್ಬರಿ ಹೆಚ್ಚುವ ದಿನಗಳು ಸಮೀಪಿಸಿದುವೆಂದರೆ ಮೈಸೂರಿನ ನಾಟಕಪ್ರಿಯರ ಮನೆಗಳಲ್ಲಿ ಇನ್ನೊಂದು ಮಾತೂ ಮೊದಲಾಗುವುದು. ಹುಣಸೂರು ರಸ್ತೆಯ ಕಲಾಮಂದಿರದ ಆವರಣದಲ್ಲಿ ರಂಗಾಯಣದವರು ನಡೆಸುವ ‘ಬಹುರೂಪಿ’ ನಾಟಕೋತ್ಸವ ಈ ಸಲ ಯಾವಾಗ, ಯಾವ ಯಾವ ಊರಿನ ತಂಡಗಳು ಬರುವುವು, ಯಾವ ನಾಟಕಕ್ಕೆ ಮಕ್ಕಳನ್ನು ಕರೆದೊಯ್ಯಬಹುದು ಎಂಬುದೇ ಆ ಮಾತು. ಕೆಲವು ವರ್ಷ ಉತ್ಸವವು ಸಂಕ್ರಾಂತಿಯನ್ನು ದಾಟಿ ಮುಂದಕ್ಕೆ ಸರಿಯುವುದೂ ಉಂಟು. 2024ರಲ್ಲಿ ಮಾರ್ಚಿ ತಿಂಗಳಿನಲ್ಲಿ ನಡೆದಿತ್ತು. ಯಾವಾಗ ನಡೆದರೂ ಅದಕ್ಕೊಂದು ‘ಆಶಯ’ವನ್ನು ಮೊದಲೇ ಗೊತ್ತುಮಾಡಿ ಸಾರುವುದು ಅಲ್ಲಿಯ ಪದ್ಧತಿ. 2020ರಲ್ಲಿ ಗಾಂಧೀಜಿಯವರು ಹಿಡಿದ ಮಾರ್ಗವು ಆಶಯವಾಗಿದ್ದಿತು. 2025ರ ಜನವರಿಯಲ್ಲಿ ‘ಬಿಡುಗಡೆ’ ಎಂಬುದು.

ಈ ವಿಷಯವಾಗಿ ಓದುಗ ಸೋದರಿಯೊಬ್ಬರು ನಮಗೆ ಕಾಗದ ಬರೆದಿದ್ದಾರೆ. ನಾಟಕವೆಂದರೆ ಎರಡು ಗಳಿಗೆ ಮನಸ್ಸು ಹಗುರಮಾಡಿಕೊಂಡು ಬರಲು ಹೋಗುವಂತಹುದು. ಈಗಿನವರಾದರೋ ಕೇರಿಯವರ ಕಥೆ, ಕಾಡಿನವರ ಕಥೆ, ಸೆರೆಮನೆಯವರ ಕಥೆ ಎಂದು ವರ್ಷವೂ ಅದನ್ನೇ ಆಡುತ್ತಾರೆ. ಹಣ ತೆತ್ತು ಹೋಗಿ ತಲೆ ತಗ್ಗಿಸಿಕೊಂಡು ಬರುವುದೇಕೆ, ಮಕ್ಕಳಿಗೆ ಇವನ್ನೆಲ್ಲ ತೋರಿಸಬಹುದೆ, ಎಂದು ಅವರು ಕೇಳಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದುದು. ನಾವೂ ಒಂದು ಕಾಲಕ್ಕೆ ಇದನ್ನೇ ಕೇಳುತ್ತಿದ್ದೆವಾದುದರಿಂದ ಅವರ ಮೇಲೆ ಸಿಟ್ಟಾಗಲು ನಮಗೆ ಅಧಿಕಾರವಿಲ್ಲ. ಈ ತಿಂಗಳ ಅಂಕಣವನ್ನು ಅವರಿಗೆ ಉತ್ತರವಾಗಿಯೇ ಬರೆಯುತ್ತಿದ್ದೇವೆ.

ಹೊರಯೂರಿನ ವಾಚಕರಿಗಾಗಿ ಮೊದಲು ಎರಡು ಮಾತು. ರಂಗಾಯಣವು ಕರ್ನಾಟಕ ಸರ್ಕಾರದವರು 1989ರಲ್ಲಿ ಮೈಸೂರಿನಲ್ಲಿ ಸ್ಥಾಪಿಸಿದ ನಾಟಕಸಂಸ್ಥೆ. ಹುಡುಗತನದಲ್ಲಿಯೇ ಮನೆ ಬಿಟ್ಟು ಗುಬ್ಬಿ ಕಂಪನಿಯನ್ನು ಸೇರಿ, ಮುಂದೆ ದೇಶವೇ ಬಲ್ಲ ನಿರ್ದೇಶಕರಾದ ಬಿ.ವಿ. ಕಾರಂತರು ಇದರ ಮೊದಲ ಯಜಮಾನರು. ನಟನಟಿಯರಿಗೆ ಸಂಬಳ ಕೊಟ್ಟು, ಒಂದೇ ಕಡೆ ನೆಲೆನಿಲ್ಲಿಸಿ, ವರ್ಷವಿಡೀ ನಾಟಕವನ್ನೇ ಕಸುಬಾಗಿ ಮಾಡಿಸುವ ಏರ್ಪಾಡು ಅಲ್ಲಿಯದು. ‘ಭೂಮಿಗೀತ’ ಎಂಬ ಒಳಮಂದಿರ, ಮರಗಳ ನಡುವೆ ಬಯಲಿನಲ್ಲಿರುವ ‘ವನರಂಗ’, ಇವುಗಳನ್ನು ಕಾಣದ ಮೈಸೂರಿಗರು ಕಡಮೆ. ಬಹುರೂಪಿಯಾದರೋ ಈ ಶತಮಾನದ ಮೊದಲ ವರ್ಷಗಳಿಂದ ನಡೆದುಬಂದಿದೆ. ನಾನಾ ಭಾಷೆಗಳ ನಾಟಕಗಳು, ಜಾನಪದ ಮೇಳಗಳು, ಚಲನಚಿತ್ರಗಳು, ವಿಚಾರಗೋಷ್ಠಿ, ಪುಸ್ತಕದ ಅಂಗಡಿ, ಎಲ್ಲಕ್ಕಿಂತ ಹೆಚ್ಚು ಜನ ನೆರೆಯುವ ತಿಂಡಿಯ ಅಂಗಡಿ, ಹೀಗೆ ಅದೊಂದು ಜಾತ್ರೆಯೇ ಸರಿ.

ನಾಟಕದಲ್ಲಿ ಬಡವರೂ ದೀನರೂ ಮಾತಾಡುವುದು ಹೊಸ ಕಾಲದ ಗೀಳೆಂದು ನಮ್ಮ ಸೋದರಿಯವರು ಭಾವಿಸಿರುವಂತೆ ತೋರುವುದು. ಸಂಗತಿ ಹಾಗಿಲ್ಲ. ಮೈಸೂರಿನ ಅರಮನೆಯ ಆಶ್ರಯದಲ್ಲಿ ಬಸವಪ್ಪಶಾಸ್ತ್ರಿಗಳು ಕನ್ನಡಿಸಿದ ಕಾಳಿದಾಸನ ಶಾಕುಂತಲವನ್ನೇ ತೆಗೆದುಕೊಳ್ಳಿ. ಉಂಗುರವು ಮೀನಿನ ಹೊಟ್ಟೆಯಲ್ಲಿ ದೊರೆತ ಸಂಗತಿಯನ್ನು ನಾವೆಲ್ಲ ಬಲ್ಲೆವು. ಅದನ್ನು ಕಂಡ ಬೆಸ್ತನನ್ನು ನೆನೆಯುವವರೆಷ್ಟು ಮಂದಿ? ಆರನೆಯ ಅಂಕದ ಮೊದಲಲ್ಲಿ ಕಾವಲಿನವರು ಅವನನ್ನು ಕೈಕಟ್ಟಿ ಹೊಡೆಯುತ್ತ ತರುವರು. ಅವನ ಕಸುಬನ್ನು ಹಾಸ್ಯ ಮಾಡುವರು. ಅವನು ಅಂಜುತ್ತಲೇ, ಹುಟ್ಟಿನಿಂದ ಬಂದ ಕೆಲಸವನ್ನು ಬಿಡಲಾದೀತೇ ಎಂದು ಮರುಮಾತು ಹೇಳುವನು. ರಾಜನು ಉಂಗುರದ ಬೆಲೆಯಷ್ಟು ಬಹುಮಾನ ಕಳುಹಿಸಿದಾಗ ಹೊಡೆದವರೇ ಅವನ ಸ್ನೇಹಿತರಾಗಿ, ಎಲ್ಲರೂ ಕೂಡಿ ಹೆಂಡದಂಗಡಿಗೆ ನಡೆಯುವರು. ಅಲ್ಲಿಗೆ ಬೆಸ್ತನ ಪಾತ್ರ ಮುಗಿಯಿತು. ಸಂಸ್ಕೃತ ನಾಟಕದಲ್ಲಿ ಅಂತಹವರಿಗೆ ಸಂಸ್ಕೃತವಿಲ್ಲ, ಪ್ರಾಕೃತವೇ ಗತಿ. ಇಡೀ ಕಥೆ ತಿರುಗುವುದು ಅವನ ಕೈಯಿಂದ. ಆದರೂ ಅವನ ಹೆಸರು ಏನೆಂಬುದನ್ನು ನಾಟಕದಲ್ಲಿ ಯಾರೂ ಕೇಳುವುದಿಲ್ಲ.

ಹೆಸರಿಲ್ಲದವನನ್ನೇ ನಾಯಕನನ್ನಾಗಿ ಮಾಡಿ ನಾಟಕ ಬರೆದವರೂ ನಮ್ಮ ಊರಿನಲ್ಲಿಯೇ ಇದ್ದರು. ಮೈಸೂರಿನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದ ಕುವೆಂಪು ಅವರ ‘ಜಲಗಾರ’ ನಾಟಕದ ಕಾಲ 1928. ಬೀದಿ ಗುಡಿಸುವ ಜಲಗಾರನು ಅದರಲ್ಲಿ ನಾಯಕ. ಊರೆಲ್ಲ ಶಿವನ ಜಾತ್ರೆಗೆ ಹೊರಟಿದೆ. ತನಗೆ ಗುಡಿಯೊಳಗೆ ಪ್ರವೇಶವಿಲ್ಲವೆಂದು ಬಲ್ಲ ಇವನು ಕಸಬರಿಕೆಯನ್ನು ಬಿಡದೆ ತನ್ನ ಕೆಲಸದಲ್ಲಿಯೇ ನಿಂತಿದ್ದಾನೆ. ಕೊನೆಗೆ ಶಿವನೇ ಜಗದ ಜಲಗಾರನಾಗಿ ಅವನಿದ್ದಲ್ಲಿಗೆ ಬರುವನು. ಮುಂದೆ 1944ರಲ್ಲಿ ಅವರು ‘ಶೂದ್ರ ತಪಸ್ವಿ’ಯನ್ನು ಬರೆದು ಶಂಬೂಕನನ್ನು ಬದುಕಿಸಿದರು. ಪುರಾಣದ ಕಥೆಯನ್ನು ಹೀಗೆ ತಿರುಗಿಸಬಹುದೆ ಎಂದು ಮಾಸ್ತಿಯವರು ಆಕ್ಷೇಪಿಸಿದರು. ಕುವೆಂಪು ಅದಕ್ಕೆ ಉತ್ತರವಿತ್ತರು. ಇಬ್ಬರು ಹಿರಿಯರ ಆ ವಾದವು ಇಂದಿಗೂ ಮುಗಿದಿಲ್ಲವೆಂಬುದು ನಮ್ಮ ಎಣಿಕೆ. ಏಕಲವ್ಯನ ವಿಷಯವಾದ ‘ಬೆರಳ್ಗೆ ಕೊರಳ್’ ಬಂದುದು 1947ರಲ್ಲಿ.

ಜಲಗಾರನ ವಿಷಯ ಬಂದುದರಿಂದ ಒಂದು ಮಾತು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶದ ನಗರಗಳಲ್ಲೆಲ್ಲ ಮೊದಲನೆಯದೆಂದು ಹೆಸರಾಯಿತು. ಅಂದು ನಮ್ಮ ಬೀದಿಯಲ್ಲಿ ಪರಸ್ಪರ ಅಭಿನಂದನೆಗಳು ನಡೆದುವು. ನಾವೇನೋ ಮಾಡಿದೆವೆಂಬಂತೆ ನಾವೂ ಕೈಕುಲುಕಿದೆವು. ಬೆಳಗಿನ ಐದೂವರೆಗೆ ಬಂದು ನಮ್ಮ ಮನೆಯ ಮುಂದಿನ ಎಲೆಗಳನ್ನು ಒಟ್ಟುಮಾಡುವ ಪೌರಕಾರ್ಮಿಕಳಿಗೆ ಯಾರೂ ಏನೂ ಹೇಳಿದ್ದನ್ನು ಕಾಣಲಿಲ್ಲ. ಜಲಗಾರದ ಪುಸ್ತಕ ನಮ್ಮ ಬೀರುವಿನಲ್ಲಿದ್ದಿತು.

ಕುವೆಂಪು ಅವರದು ಕರುಣೆಯೂ ಕೆಚ್ಚೂ ಕೂಡಿದ ದೊಡ್ಡ ದನಿ. ಆದರೂ ಅದು ಜಲಗಾರನ ಪರವಾಗಿ ಬೇರೊಬ್ಬರು ಆಡಿದ ಮಾತು. ಜಲಗಾರನ ಮಕ್ಕಳು ತಾವೇ ಬರೆದರೆ ಹೇಗಿರುವುದೆಂಬುದನ್ನು ಕನ್ನಡವು ಕಾಣಲು ಇನ್ನೂ ಕೆಲವು ದಶಕಗಳು ಕಾಯಬೇಕಾಯಿತು. 1973ರ ನವೆಂಬರಿನಲ್ಲಿ ಇದೇ ಮೈಸೂರಿನ ಸಭೆಯೊಂದರಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದ ಬಹುಭಾಗವನ್ನು ‘ಬೂಸಾ’ ಎಂದರೆಂದು ನಾಡಿನಲ್ಲೆಲ್ಲ ಕೋಲಾಹಲವೆದ್ದಿತು. ಗಲಭೆಗಳಾದುವು, ಅವರು ಮಂತ್ರಿಪದವಿಯನ್ನೇ ಬಿಡಬೇಕಾಯಿತು. ಹಿರಿಯರಾದ ವಾಚಕರಿಗೆ ಆ ದಿನಗಳು ನೆನಪಿರಬಹುದು. ಮಲಹೊರುವ ಪದ್ಧತಿಯನ್ನು ನಮ್ಮ ರಾಜ್ಯದಲ್ಲಿ ನಿಲ್ಲಿಸಲು ಹೊರಟವರೂ ಅವರೇ. ಅವರ ಮಾತು ಸರಿಯೋ ತಪ್ಪೋ, ಅದರ ಬಿಸಿಯಲ್ಲಿ ಒಂದು ತಲೆಮಾರಿನ ತರುಣರು ಲೇಖನಿ ಹಿಡಿದರು.

ಆ ತರುಣರಲ್ಲಿ ಒಬ್ಬರು ನಮ್ಮ ನಂಜನಗೂಡು ತಾಲ್ಲೂಕಿನ ದೇವನೂರಿನವರು, ದೇವನೂರ ಮಹಾದೇವ. ಅವರ ‘ಒಡಲಾಳ’ ನಾಟಕವಾದಾಗ ಸಾಕವ್ವನಾಗಿ ಉಮಾಶ್ರೀಯವರು ಅಭಿನಯಿಸಿದ್ದನ್ನು ಕಂಡವರು ಈಗಲೂ ಹೇಳುತ್ತಿರುವರು. ಆದರೆ ನಾವು ಇಲ್ಲಿ ಹೇಳಹೊರಟಿರುವುದು ‘ಕುಸುಮಬಾಲೆ’ಯ ಸಂಗತಿ. ಈ ಕಾದಂಬರಿಗೆ 1990ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಮೇಲುಕುಲದ ಕುಸುಮ, ಕೆಳಗೇರಿಯ ಚೆನ್ನ, ಇವರ ಪ್ರೇಮ ಮತ್ತು ಅದರ ದಾರುಣ ಪರಿಣಾಮ ಅದರ ವಸ್ತು. ಭಾಷೆಯಾದರೋ ನಂಜನಗೂಡು ಚಾಮರಾಜನಗರ ಸೀಮೆಯ ಜನ ಬಾಯಲ್ಲಾಡುವ ಕನ್ನಡ. ನಾವು ಆ ಪುಸ್ತಕವನ್ನು ಕೊಂಡು ತಂದು ಹದಿನೈದು ಪುಟ ಓದಿ, ಇದೇನು ಅರ್ಥವಾಗದೆಂದು ಮುಚ್ಚಿಟ್ಟೆವು. ನಮ್ಮ ಊರಿನಿಂದ ಹದಿನೈದು ಇಪ್ಪತ್ತು ಮೈಲಿಯಾಚೆಯ ಕನ್ನಡವು ನಮಗೆ ಅರ್ಥವಾಗದು, ಶೇಕ್ಸ್‌ಪಿಯರನ ಇಂಗ್ಲಿಷು ಅರ್ಥವಾಗುವುದೆಂಬುದನ್ನು ಹೇಳಿಕೊಳ್ಳಲು ಆಗ ನಾಚಿಕೆಯೂ ಆಗಲಿಲ್ಲ.

ಆ ಕಾದಂಬರಿಯನ್ನು ಸಿ. ಬಸವಲಿಂಗಯ್ಯನವರು ರಂಗಾಯಣದ ನಟರಿಂದ ಆಡಿಸಿದರು. ಅದರಲ್ಲಿ ಜೋತಮ್ಮಂದಿರು ಬರುವರು. ಎಂದರೆ ಮನೆಮನೆಯ ದೀಪಗಳು. ರಾತ್ರಿ ಊರು ಮಲಗಿದ ಮೇಲೆ ದೀಪಗಳು ಮನೆ ಬಿಟ್ಟು ಬಂದು ಒಂದೆಡೆ ಕುಳಿತು, ತಮ್ಮ ತಮ್ಮ ಮನೆಯಲ್ಲಿ ಅಂದು ನಡೆದುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುವರು. ಅಜ್ಜಿಯಿಂದ ಕಥೆ ಕೇಳಿ ಬೆಳೆದವರಾರಿಗೂ ಇದು ಹೊಸತಲ್ಲ. ಕಣ್ಣಿನಲ್ಲಿ ಓದುವಾಗ ಕಲ್ಲಿನಂತೆ ಅಡ್ಡವಾಗುತ್ತಿದ್ದ ಮಾತುಗಳು ಕಿವಿಗೆ ಬಿದ್ದಾಗ ನೀರಿನಂತೆ ಹರಿದುವು. ಪುಸ್ತಕ ಓದಿ ಸೋತವರು ಗಟ್ಟಿಯಾಗಿ ಓದಿಸಿ ಕೇಳಿನೋಡಬೇಕೆಂದು ಶಿಫಾರಸು ಮಾಡುತ್ತೇವೆ. ರಾತ್ರಿ ಊಟವಾದ ಮೇಲೆ ಎರಡೆರಡು ಪುಟ ಸಾಕು.

ಇನ್ನು ನಮ್ಮ ಸ್ವಂತ ಕಥೆಗೆ ಬರುತ್ತೇವೆ. 2010ರಲ್ಲಿ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ಬಸವಲಿಂಗಯ್ಯನವರು ರಂಗಾಯಣದ ಆವರಣದಲ್ಲಿ ಬಯಲಿನಲ್ಲಿ ಆಡಿಸಿದರು. ರಂಗರೂಪ ಕೆ.ವೈ. ನಾರಾಯಣಸ್ವಾಮಿಯವರದು, ಸಂಗೀತ ಹಂಸಲೇಖ ಅವರದು. ಸಂಜೆ ಮೊದಲಾಗಿ ಬೆಳಗಿನ ಜಾವದವರೆಗೆ ಸುಮಾರು 9 ಗಂಟೆಗಳ ನಾಟಕ. ಒಂದು ರಂಗಸ್ಥಳದಿಂದ ಇನ್ನೊಂದು ರಂಗಸ್ಥಳಕ್ಕೆ ನೋಟಕರೇ ಕಂಬಳಿ ಹೊದ್ದು, ಮಕ್ಕಳನ್ನು ಎಬ್ಬಿಸಿಕೊಂಡು ನಡೆಯಬೇಕು. ಮಲೆನಾಡಿನ ಹೆಗ್ಗಡೆಗಳೂ ಗೌಡರೂ ಆ ಕಥೆಯಲ್ಲಿ ಇರುವರು, ಪಾದ್ರಿಗಳು ಇರುವರು. ಆದರೆ ಕಥೆಯನ್ನು ಹೆಗಲ ಮೇಲೆ ಹೊತ್ತು ನಡೆಯುವವನು ಸಿಂಬಾವಿಯ ಹೊಲೆಯರ ಗುತ್ತಿ, ಜೀತದಾಳು. ಜೊತೆಗೆ ಅವನ ನಾಯಿ ಹುಲಿಯ. ಒಡೆಯರ ಅಪ್ಪಣೆಯನ್ನು ಮೀರಿ ತಿಮ್ಮಿಯನ್ನು ಹಾರಿಸಿಕೊಂಡು ಹೋಗುವ ಅವನ ಸಾಹಸವನ್ನು ನೋಡುತ್ತ ಚಳಿ ನಮಗೆ ತಿಳಿಯಲಿಲ್ಲ. ನಾವೂ ಮಕ್ಕಳೂ ಬಂಧುಗಳೂ ಸೇರಿ ಏಳು ಮಂದಿ ಹೋಗಿದ್ದೆವು.

ಏಳು ಮಂದಿಯೂ ರಾತ್ರಿಯೆಲ್ಲ ಹೊರಗಿದ್ದರೆ ಮನೆಗೆ ಕಾವಲು ಬೇಡವೆ? ನಮ್ಮಲ್ಲಿ ಪಾತ್ರೆ ತಿಕ್ಕಿ ನೆಲ ಒರಸಲು ಬರುತ್ತಿದ್ದಾಕೆಗೆ ಆ ರಾತ್ರಿ ನಮ್ಮ ಮನೆಯಲ್ಲಿಯೇ ಮಲಗಿಕೊಳ್ಳುವಂತೆ ಹೇಳಿ ಹೋಗಿದ್ದೆವು. ಬೆಳಗಿನ ಜಾವ ಬಂದು ಬಾಗಿಲು ತಟ್ಟಿದಾಗ, ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ್ದವಳು ಎದ್ದು ಕದ ತೆಗೆದಳು.

“ನಾಟಕ ಚೆನ್ನಾಗಿತ್ತಾ ಅಮ್ಮಾವ್ರೆ? ಯಾರ ಕತೆ?” ಎಂದು ಕೇಳಿದಳು.

“ಒಬ್ಬ ಜೀತದಾಳಿನ ಕಥೆ” ಎಂದೆವು.

“ಓ” ಎಂದು ಅವಳು ಕಾಫಿಗೆ ನೀರಿಡಲು ಒಳಗೆ ಹೋದಳು.

ಅವಳ ಊರು ನಂಜನಗೂಡಿನ ಕಡೆಯದು. ಅವಳ ತಂದೆ ಹುಡುಗನಾಗಿದ್ದಾಗ ಎರಡು ಪಲ್ಲ ರಾಗಿಯ ಸಾಲಕ್ಕೆ ಜೀತಕ್ಕಿದ್ದನೆಂಬುದು ನಮಗೆ ಗೊತ್ತಾದದ್ದು ಇದಾದ ಎಷ್ಟೋ ದಿನಗಳ ಮೇಲೆ, ಅದೂ ಮಾತಿಗೆ ಮಾತು ಬಂದಾಗ. ಒಂಬತ್ತು ವರ್ಷ ನಮ್ಮ ಅಡುಗೆಮನೆಯಲ್ಲಿ ಓಡಾಡಿದವಳನ್ನು ನಾವು ಕೇಳಿರಲಿಲ್ಲ. ಜೀತಪದ್ಧತಿಯನ್ನು ರದ್ದುಪಡಿಸಿದ ಕಾನೂನು 1976ರದೆಂದು ಮಾತ್ರ ನಾವು ಮಕ್ಕಳಿಗೆ ಪರೀಕ್ಷೆಗಾಗಿ ಬಾಯಿಪಾಠ ಮಾಡಿಸಿದ್ದೆವು.

ಅಂದಿನಿಂದ ‘ದನಿಯಿಲ್ಲದವರಿಗೆ ದನಿ ಕೊಡುವುದು’ ಎಂಬ ಮಾತು ಆಹ್ವಾನಪತ್ರಿಕೆಗಳಲ್ಲಿ ಕಂಡಾಗ ನಮಗೆ ಸರಿಹೋಗುವುದಿಲ್ಲ. ದನಿ ಅವರಿಗೆ ಯಾವಾಗ ಇರಲಿಲ್ಲ? ಮೈಸೂರಿನ ಸುತ್ತುಮುತ್ತಲಿನ ಸೀಮೆಯನ್ನೇ ನೋಡಿ. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯೊಡನೆ ರಾತ್ರಿಯಿಡೀ ಹಾಡುವ ದೇವರಗುಡ್ಡರು, ಮಂಟೇಸ್ವಾಮಿಯ ಕಥೆಯನ್ನು ತಂಬೂರಿ ದಮ್ಮಡಿ ಗಗ್ಗರಗಳೊಡನೆ ಹಾಡುವ ನೀಲಗಾರರು, ಇವರು ಯಾವ ಮಂದಿರದ ಅಪ್ಪಣೆಗೂ ಕಾಯದೆ ನೂರಾರು ವರ್ಷಗಳಿಂದ ಹಾಡುತ್ತ ಬಂದಿದ್ದಾರೆ. ಹಾಡುವವರಲ್ಲಿ ಹೆಚ್ಚಿನವರು ಹಿಂದುಳಿದ ಮತ್ತು ದಲಿತ ಕುಲಗಳವರು. ಕೊಳ್ಳೇಗಾಲದ ಕಡೆಯ ಚಿಕ್ಕಲ್ಲೂರಿನಲ್ಲಿ ಸಿದ್ದಪ್ಪಾಜಿಯ ಜಾತ್ರೆಯು ಪುಷ್ಯದ ಹುಣ್ಣಿಮೆಗೆ ಕೂಡುವುದು. ಎಂದರೆ ಬಹುರೂಪಿಯ ಸುಮಾರಿಗೇ. ಚಂದ್ರಮಂಡಲವನ್ನು ಹೊತ್ತಿಸುವ ಆ ರಾತ್ರಿ ಅಲ್ಲಿ ನೆರೆಯುವ ಜನರನ್ನು ನೋಡಿದವರು, ನಮ್ಮ ನಗರದ ಯಾವ ನಾಟಕಮಂದಿರದ ಜನಸಂದಣಿಯನ್ನೂ ದೊಡ್ಡದೆನ್ನಲಾರರು. ಅವರ ದನಿ ಎಂದೂ ಅಡಗಿರಲಿಲ್ಲ. ನಾವು ಕಿಟಕಿ ಮುಚ್ಚಿಕೊಂಡು ಮಲಗಿದ್ದೆವು.

ಆದುದರಿಂದ ಬರುವ ಉತ್ಸವದ ಪಟ್ಟಿ ಕೈಗೆ ಬಂದಾಗ ನಾವು ಈಚೆಗೆ ನೋಡುವ ಮೊದಲ ಸಂಗತಿ ಯಾವುದೆಂದರೆ, ಯಾರ ಕಥೆಯೆಂಬುದಲ್ಲ, ಯಾರು ಆಡುತ್ತಾರೆ ಎಂಬುದು. ಕನ್ನಡನಾಡಿನಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆಗಳುಂಟು. ಉತ್ತರ ಕನ್ನಡದ ಯಲ್ಲಾಪುರ ಸೀಮೆಯಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರು ಆಫ್ರಿಕಾ ಖಂಡದಿಂದ ಬಂದವರು. ಹಲವರನ್ನು ಗುಲಾಮರನ್ನಾಗಿ ತರಲಾಗಿತ್ತು. ಮಂಚಿಕೇರಿಯ ಸಿದ್ದಿಗಳನ್ನು ಕೂಡಿಸಿಕೊಂಡು ಚಿದಂಬರರಾವ್ ಜಂಬೆಯವರು 1980ರ ದಶಕದಲ್ಲಿ ಒಂದು ನಾಟಕ ಮಾಡಿಸಿದರು. ಆರಿಸಿಕೊಂಡ ಕಥೆಯನ್ನು ಕೇಳಿರಿ: ನೈಜೀರಿಯಾದ ಚಿನುವಾ ಅಚೆಬೆಯವರು 1958ರಲ್ಲಿ ಬರೆದ, ಬಿಳಿಯರು ಬಂದು ಆಫ್ರಿಕಾದ ಹಳ್ಳಿಯೊಂದರ ಬಾಳುವೆ ಮುರಿದುಬಿದ್ದ ಕಾದಂಬರಿ. ಶತಮಾನಗಳ ಹಿಂದೆ ಆ ಖಂಡವನ್ನು ಬಿಟ್ಟು ಬಂದವರ ಮೊಮ್ಮಕ್ಕಳು ಸಹ್ಯಾದ್ರಿಯ ಕಾಡಿನಲ್ಲಿ ನಿಂತು ಕನ್ನಡದಲ್ಲಿ ಅದನ್ನು ಆಡಿದರು. ಮುಂದೆ ಸಿದ್ದಿ ಹುಡುಗ ಹುಡುಗಿಯರು ಹೆಗ್ಗೋಡಿನ ನೀನಾಸಮ್ಮಿನಲ್ಲಿ ಕಲಿತು ರಂಗಭೂಮಿಯಲ್ಲಿಯೂ ಚಲನಚಿತ್ರದಲ್ಲಿಯೂ ಹೆಸರಾದರು. ಜಂಬೆಯವರು ಅನಂತರ ನಮ್ಮ ರಂಗಾಯಣದ ನಿರ್ದೇಶಕರೂ ಆಗಿದ್ದರು.

ರಂಗಾಯಣದ ಮೊದಲ ನಟರಲ್ಲಿ ಒಬ್ಬರಾದ ಹುಲುಗಪ್ಪ ಕಟ್ಟೀಮನಿಯವರು ಸೆರೆಮನೆಯ ಬಂದಿಗಳಿಗೆ ನಾಟಕ ಕಲಿಸಿದ ಕಥೆ ಇನ್ನೂ ಹತ್ತಿರದ್ದು. ಬಸವಣ್ಣನವರ ಕಾಲದ ಕಲ್ಯಾಣವನ್ನು ಕುರಿತ ಗಿರೀಶ ಕಾರ್ನಾಡರ ‘ತಲೆದಂಡ’ವನ್ನು, ಜಯಂತ ಕಾಯ್ಕಿಣಿಯವರ ‘ಜೊತೆಗಿರುವನು ಚಂದಿರ’ವನ್ನು ಶಿಕ್ಷೆ ಅನುಭವಿಸುತ್ತಿರುವವರೇ ಆಡಿದರು, ಪೊಲೀಸರ ಕಾವಲಿನಲ್ಲಿ ಹೊರಗೆ ಬಂದು ಊರಿನವರ ಮುಂದೆ ಆಡಿದರು. ಇದನ್ನು ಮೆಚ್ಚದವರೂ ಉಂಟು. ಕೊಂದವನಿಗೆ ಚಪ್ಪಾಳೆ ಹೊಡೆಯುವಾಗ, ಸತ್ತವನ ಹೆಂಡತಿ ಮಕ್ಕಳು ಎಲ್ಲಿದ್ದಾರೆಂದು ಕೇಳುವವರ ಮಾತನ್ನು ನಾವು ಹಗುರವಾಗಿ ತಳ್ಳಿಹಾಕಲಾರೆವು. ಆದರೂ ಇಪ್ಪತ್ತು ವರ್ಷ ಸಂಖ್ಯೆಯಿಂದಲೇ ಕರೆಸಿಕೊಂಡ ಮನುಷ್ಯನು ಮತ್ತೊಬ್ಬ ಮನುಷ್ಯನ ಮಾತನ್ನು ಕಲಿತು, ತಪ್ಪದೆ ಒಪ್ಪಿಸಿ, ಪರದೆ ಬಿದ್ದ ಮೇಲೆ ಮತ್ತೆ ಬಂಡಿ ಹತ್ತಿ ಬೀಗದೊಳಗೆ ಹೋಗುವುದನ್ನು ನೋಡುವಾಗ ಮನಸ್ಸು ಕದಡುವುದು. ಕದಡಬೇಕಾದ್ದೇ.

ಎ. ರೇವತಿಯವರ ವಿಚಾರವನ್ನೂ ಹೇಳಲೇಬೇಕು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳಲು ಪಟ್ಟ ಪಾಡನ್ನು ಅವರು ಆತ್ಮಕಥೆಯಾಗಿ ಬರೆದರು; ದು. ಸರಸ್ವತಿಯವರು ಅದನ್ನು ‘ಬದುಕು ಬಯಲು’ ಎಂದು ಕನ್ನಡಕ್ಕೆ ತಂದರು. ಹೆಗ್ಗೋಡಿನ ಜನಮನದಾಟ ತಂಡದವರು ಎಂ. ಗಣೇಶ ಅವರ ನಿರ್ದೇಶನದಲ್ಲಿ ಅದನ್ನು ನಾಟಕವಾಗಿ ನಾಡಿನ ಊರೂರುಗಳಲ್ಲಿ ಆಡಿದರು. ರೇವತಿಯವರು ತಾವೇ ಒಬ್ಬರೇ ರಂಗಕ್ಕೆ ಬಂದು ತಮ್ಮ ಕಥೆಯನ್ನು ಅಭಿನಯಿಸುವುದೂ ಉಂಟು. ಮಗ ಮಗಳಲ್ಲಿ ಯಾರಾದರೂ ಇಂತಹ ಸಂಕಟವನ್ನು ಯಾರಿಗೂ ಹೇಳದೆ ನುಂಗಿಕೊಂಡಿರುವ ಮನೆಗಳು ನಮ್ಮ ವಾಚಕರಲ್ಲಿಯೂ ಇರಬಹುದು. ಜೋಗತಿ ನೃತ್ಯದ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಎಲ್ಲರೂ ಸಂತೋಷಪಟ್ಟರು. ಪದಕ ಬರುವ ಮೊದಲು ಅವರು ಬಾಗಿಲಿಗೆ ಬಂದಿದ್ದರೆ ಎಷ್ಟು ಮನೆಯವರು ಕೂರಿಸುತ್ತಿದ್ದರೋ.

ಇದರ ಜೊತೆಗೆ ಒಂದು ಅಸಮಾಧಾನವನ್ನೂ ಬರೆದಿಡುತ್ತೇವೆ. ಹಿಂದೊಮ್ಮೆ ಒಂದು ಸಮಾರಂಭಕ್ಕೆ ಹೋಗಿದ್ದೆವು. ಗಣ್ಯರನ್ನು ಎದುರುಗೊಳ್ಳಲು ಕಾಡಿನ ಕಡೆಯ ಕುಣಿತದವರನ್ನು ಕರೆಸಿದ್ದರು. ಗಣ್ಯರು ಬರುವುದು ತಡವಾಗಿ ಅವರು ಒಂದೂವರೆ ಗಂಟೆ ಬಿಸಿಲಿನಲ್ಲಿ ಕುಣಿದರು. ಬಳಿಕ ಒಳಗೆ ಆದಿವಾಸಿಗಳ ಹಕ್ಕನ್ನು ಕುರಿತು ಭಾಷಣಗಳಾದುವು, ಒಳ್ಳೆಯ ಭಾಷಣಗಳೇ. ಕುಣಿದವರು ಆ ಹೊತ್ತಿಗೆ ಹೊರಗೆ ಮರದ ಕೆಳಗೆ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ಕುಳಿತಿದ್ದರು. ಒಳಗೆ ಹಿಂದಿನ ನಾಲ್ಕು ಸಾಲು ಖಾಲಿಯಾಗಿದ್ದುವು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಕರೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ.

ಮದುಮಗಳಾದ ಮುಂದಿನ ವರ್ಷಗಳಲ್ಲಿ ನಮ್ಮ ಮನೆಯಾಕೆಯನ್ನು, ಎಂದರೆ ಆ ರಾತ್ರಿ ಕಾವಲಿದ್ದಾಕೆಯನ್ನು, ನಾಟಕಕ್ಕೆ ಕರೆದೊಯ್ಯಲು ಮೊದಲುಮಾಡಿದೆವು. ಮೊದಲ ಸಲ ಅವಳು ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಹೊರಗಿನಿಂದ ಬಂದ ಒಂದು ತಂಡದ ನಾಟಕ. ಹಳ್ಳಿಯ ಅಸ್ಪೃಶ್ಯತೆ ಅದರ ವಿಷಯ. ಒಳ್ಳೆಯ ನಟರು, ನಮ್ಮ ಕಣ್ಣಲ್ಲಿ ನೀರು ಬಂದಿತು. ಹಿಂತಿರುಗಿ ಬರುವಾಗ ಹೇಗಿತ್ತೆಂದು ಅವಳನ್ನು ಕೇಳಿದೆವು.

“ಚೆನ್ನಾಗ್ ಮಾಡುದ್ರು. ಆದ್ರೆ ನೀರು ಕುಡಿಯೋದು ತಪ್ಪು” ಎಂದಳು.

ಯಾವುದೆಂದು ನಮಗೆ ತಿಳಿಯಲಿಲ್ಲ. ಬೊಗಸೆಯೊಡ್ಡಿ ನಿಂತವನಿಗೆ ಗೌಡಿತಿ ಮೇಲಿನಿಂದ ನೀರು ಹೊಯ್ಯುವ ಸಂದರ್ಭವೊಂದಿತ್ತು. ನಾವು ಅತ್ತದ್ದು ಅಲ್ಲಿಯೇ.

“ಹೊಯ್ಯೋರು ಅಷ್ಟು ಹತ್ರ ನಿಲ್ಲಲ್ಲ ಅಮ್ಮಾವ್ರೆ. ದೂರದಿಂದ ಹೊಯ್ತಾರೆ. ಅರ್ಧ ನೀರು ಮೈಮೇಲೇ ಬೀಳುತ್ತೆ. ಕುಡಿಯೋರು ಮೇಲೆ ನೋಡಲ್ಲ, ನೋಡುದ್ರೆ ಮೂಗಿಗೆ ಹೋಗುತ್ತೆ.”

ಇದನ್ನು ಅವಳು ಕೋಪದಿಂದ ಹೇಳಲಿಲ್ಲ. ಒಗ್ಗರಣೆ ಹೀಗಲ್ಲ ಹೀಗೆ ಎಂದು ತಿದ್ದುವಾಗ ಹೇಗೆ ಹೇಳುವಳೋ ಹಾಗೆ ಹೇಳಿದಳು. ನಮ್ಮ ಕೈಯಲ್ಲಿ ಆ ನಾಟಕದ ಕರಪತ್ರವಿತ್ತು. ಅದರಲ್ಲಿ ನಿರ್ದೇಶಕರ ಮಾತು ಒಂದು ಪುಟವಿತ್ತು. ತಾಲೀಮಿನ ಕಾಲದಲ್ಲಿ ಇಂತಹ ಒಬ್ಬರನ್ನು ಕರೆದು ಕೂರಿಸಿ ಕೇಳಿದ್ದರೆ ಆ ದೃಶ್ಯವು ಎಷ್ಟು ಬದಲಾಗುತ್ತಿತ್ತೆಂದು ಯೋಚಿಸಿದೆವು. ಮತ್ತೊಂದು ಸಲ ದೀಪಗಳು ಕೂಡಿ ಮಾತಾಡುವ ಕಥೆಯನ್ನು ಅವಳಿಗೆ ನಾವೇ ಓದಿ ಹೇಳಿದಾಗ, “ಇದು ನಮ್ಮಜ್ಜಿ ಹೇಳ್ತಿದ್ಲು” ಎಂದು, ಪುಸ್ತಕದಲ್ಲಿಲ್ಲದ ಇನ್ನೊಂದು ದೀಪದ ಸಂಗತಿಯನ್ನು ಸೇರಿಸಿದಳು. ನಮಗೆ ಅರ್ಥವಾಗದೆ ಮುಚ್ಚಿಟ್ಟಿದ್ದ ಪುಟಗಳಿಗೆ ಅವಳೇ ಅರ್ಥ ಹೇಳಿದಳು.

ಈಗ ನಮ್ಮ ಸೋದರಿಯವರ ಪ್ರಶ್ನೆಗಳಿಗೆ. ಮಕ್ಕಳನ್ನು ಕರೆದುಕೊಂಡು ಹೋಗಬಹುದೆ? ಹತ್ತು ವರ್ಷ ಮೇಲ್ಪಟ್ಟವರನ್ನು ಧಾರಾಳವಾಗಿ ಕರೆದೊಯ್ಯಿರಿ. ಮೊದಲು ಕಥೆಯನ್ನು ಸ್ಥೂಲವಾಗಿ ಹೇಳಿರಿ. ಅವರು ಹಿಂತಿರುಗಿ ಬರುವಾಗ ಕೇಳುವ ಪ್ರಶ್ನೆಗಳಿಗೆ ಉತ್ತರ ಸಿದ್ಧಮಾಡಿಕೊಳ್ಳಬೇಕಾದವರು ನೀವು. ನಮ್ಮ ಮನೆಯ ಹುಡುಗಿಯೊಬ್ಬಳು, ಕೆಲಸದಾಕೆಯ ಕಾಫಿಯ ಲೋಟ ಕಿಟಕಿಯ ಮೇಲೆ ಬೇರೆಯಾಗಿ ಏಕಿರುವುದೆಂದು ಕೇಳಿದಳು. ಲೋಟ ಈಗ ಕಿಟಕಿಯ ಮೇಲಿಲ್ಲ. ತಲೆ ತಗ್ಗಿಸಿಕೊಂಡು ಬರುವುದೇಕೆ ಎಂಬುದಕ್ಕೆ ನಮ್ಮಲ್ಲಿ ದೊಡ್ಡ ಉತ್ತರವಿಲ್ಲ. ತಗ್ಗಿಸಬೇಕಾದ ಸಂಗತಿ ಇದ್ದ ಕಡೆ ತಗ್ಗಿಸಿದರೆ ಕುತ್ತಿಗೆಗೇನೂ ನೋವಾಗದು. ಮನಸ್ಸು ಹಗುರಮಾಡಿಕೊಳ್ಳಲೆಂದೇ ಹೋಗುವ ದಿನ ಹಾಸ್ಯನಾಟಕವನ್ನು ಆರಿಸಿಕೊಳ್ಳಿರಿ. ಬಹುರೂಪಿಯಲ್ಲಿ ಅದೂ ಉಂಟು, ನಾವೂ ಹೋಗುವೆವು.

ಇನ್ನು ಕೆಲಸದಾಕೆಯನ್ನು ಕರೆದೊಯ್ಯುವವರಿಗೆ ನಮ್ಮ ಅನುಭವದಿಂದ ಒಂದೆರಡು ಸೂಚನೆ. ಬರುತ್ತೀಯಾ ಎಂದು ಮೊದಲು ಕೇಳಿರಿ. ಇಡೀ ದಿನ ದುಡಿದವರಿಗೆ ನಿದ್ರೆಯೇ ಹೆಚ್ಚೆನಿಸಿದರೆ ಅದು ಅವರ ಇಷ್ಟ. ಅಂದಿನ ಸಂಜೆಯ ಪಾತ್ರೆಗಳನ್ನು ಮರುದಿನಕ್ಕೆ ಒಟ್ಟಿ ಇಡಬೇಡಿರಿ, ನೀವೇ ತೊಳೆದುಬಿಡಿರಿ. ಚೀಟಿಯ ಹಣವನ್ನು ಸಂಬಳದ ಲೆಕ್ಕದಲ್ಲಿ ಸೇರಿಸುವುದು ಸರಿಯಲ್ಲ. ಪಕ್ಕದ ಕುರ್ಚಿಯಲ್ಲಿಯೇ ಕೂರಿಸಿಕೊಳ್ಳಿರಿ. ನಾಟಕ ನಡೆಯುವಾಗ ಅರ್ಥ ಹೇಳಿಕೊಡಲು ಹೋಗಬೇಡಿರಿ. ಅದರ ಅಗತ್ಯ ಹೆಚ್ಚಾಗಿ ನಮಗೇ ಇರುವುದು. ಮನೆಗೆ ಕಾವಲೇನೆಂಬ ಪ್ರಶ್ನೆಗೆ ನಾವು ಎರಡು ಲಿವರಿನ ಒಳ್ಳೆಯದೊಂದು ಬೀಗವನ್ನು ಕೊಂಡಿದ್ದೇವೆ. ಎದುರುಮನೆಯ ಹಿರಿಯರಿಗೆ ಹೇಳಿಟ್ಟು ಹೋಗುತ್ತೇವೆ. ಇದುವರೆಗೆ ಏನೂ ಕಳುವಾಗಿಲ್ಲ.

ಈ ಸಲ ಪಟ್ಟಿ ಪ್ರಕಟವಾದ ಕೂಡಲೆ ನಮಗೆ ತಿಳಿಸುವಂತೆ ಸ್ನೇಹಿತರಿಗೆ ಹೇಳಿದ್ದೇವೆ. ಮೊನ್ನೆ ಆಕೆಗೂ ಈ ವಿಷಯ ಹೇಳಿ, ಯಾವ ದಿನಕ್ಕೆ ಚೀಟಿ ತರೋಣವೆಂದು ಕೇಳಿದೆವು. ಸೊಸೆಯೂ ಬರುವಳೆಂದೂ, ಎರಡು ಚೀಟಿ ಹೆಚ್ಚಿಗೆ ಬೇಕೆಂದೂ, ಒಂದರ ಹಣವನ್ನು ತಾನೇ ಕೊಡುವೆನೆಂದೂ ಹೇಳಿದಳು. ಆಮೇಲೆ ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಹುಣ್ಣಿಮೆ ಯಾವತ್ತೆಂದು ಕೇಳಿ ತಿಳಿದುಕೊಂಡು, “ಅವತ್ತೂ ಅದರ ಮುಂದಿನ ಮೂರು ದಿನವೂ ಬೇಡಿ ಅಮ್ಮಾವ್ರೆ, ನಾವು ಚಿಕ್ಕಲ್ಲೂರಿಗೆ ಹೊಯ್ತೀವಿ” ಎಂದಳು.